8–0 ಮುನ್ನಡೆ ಕರಗಿದ ಬಗೆ: 1984–85ರ ಸ್ನೂಕರ್ ಸೀಸನ್

1985ರ ಏಪ್ರಿಲ್ 28ರ ರಾತ್ರಿ, ಗಡಿಯಾರ ಹನ್ನೆರಡು ದಾಟಿದ ಮೇಲೆ, ಶೆಫೀಲ್ಡ್‌ನ ಕ್ರೂಸಿಬಲ್ ಥಿಯೇಟರ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನ ಕೊನೆಗೆ ಡೆನಿಸ್ ಟೇಲರ್ ಪಾಟ್ ಮಾಡಿದ, ಅಂದರೆ ಪಾಕೆಟ್‌ಗೆ ಹಾಕಿದ, ಕಪ್ಪು ಚೆಂಡನ್ನು ಸ್ನೂಕರ್ ಹುಚ್ಚಿರುವವರೆಲ್ಲ ಒಮ್ಮೆಯಾದರೂ ನೋಡಿರುತ್ತಾರೆ. ಆ ಹೊತ್ತಿನಲ್ಲಿ ಬಿಬಿಸಿ 2ರ ಮುಂದೆ ಕೂತಿದ್ದವರು 1 ಕೋಟಿ 85 ಲಕ್ಷ ಜನ. ಕ್ಯೂವನ್ನು (ಆಡುವ ಕೋಲನ್ನು) ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ನಿಂತ ಟೇಲರ್, ಕುರ್ಚಿಯಲ್ಲಿ ಬಿಳಿಚಿಕೊಂಡು ಕೂತ ಎದುರಾಳಿ ಸ್ಟೀವ್ ಡೇವಿಸ್. ಇಂಟರ್ನೆಟ್‌ನಲ್ಲಿ ಸಿಗುವ ತುಣುಕು ಅಷ್ಟಕ್ಕೇ ನಿಲ್ಲುತ್ತದೆ. ಅದನ್ನಷ್ಟೇ ನೋಡಿದವರಿಗೆ ಇದೊಂದು ಅದೃಷ್ಟದ ಆಟ, ಒಂದು ಚೆಂಡಿನ ಕಥೆ ಅನ್ನಿಸುತ್ತದೆ. ಇಡೀ ಸೀಸನ್ನನ್ನು, ಅದರ ಹಿಂದಿನ ಸೀಸನ್ನನ್ನೂ ಸೇರಿಸಿಕೊಂಡು, ಕ್ರಮವಾಗಿ ನೋಡಿದರೆ ಚಿತ್ರವೇ ಬೇರೆ. ಡೇವಿಸ್ ಕೈಯಿಂದ ದೊಡ್ಡ ಮುನ್ನಡೆ ಜಾರುವುದು ಅಂದೇನೂ ಹೊಸದಾಗಿರಲಿಲ್ಲ. ಟೇಲರ್ ದೊಡ್ಡ ಫೈನಲ್ ಗೆದ್ದದ್ದೂ ಅದು ಮೊದಲ ಸಲವಲ್ಲ.

ಆ ಸೀಸನ್‌ನಲ್ಲಿ ರ‍್ಯಾಂಕಿಂಗ್ ಟೂರ್ನಿಗಳು, ಅಂದರೆ ಆಟಗಾರರ ಶ್ರೇಯಾಂಕಕ್ಕೆ ಅಂಕ ಕೊಡುವ ಟೂರ್ನಿಗಳು, ಆರು. ಮೊದಲನೆಯದು ನ್ಯೂಕ್ಯಾಸಲ್‌ನ ಜೇಮ್ಸನ್ ಇಂಟರ್‌ನ್ಯಾಷನಲ್. ಅದರ ಫೈನಲ್‌ನಲ್ಲಿ ಡೇವಿಸ್ 9–2 ಫ್ರೇಮ್‌ಗಳಿಂದ (ಚೆಂಡುಗಳನ್ನು ಹೊಸದಾಗಿ ಜೋಡಿಸಿ ಆಡುವ ಒಂದೊಂದು ಆಟವೂ ಒಂದು ಫ್ರೇಮ್) ಟೋನಿ ನೋಲ್ಸ್‌ನನ್ನು ಸೋಲಿಸಿದ. ಅಕ್ಟೋಬರ್‌ನಲ್ಲಿ ರೆಡಿಂಗ್‌ನ ಹೆಕ್ಸಗನ್ ಸಭಾಂಗಣದಲ್ಲಿ ನಡೆದ ರಾಥ್‌ಮನ್ಸ್ ಗ್ರ್ಯಾಂಡ್ ಪ್ರಿ ಟೇಲರ್‌ನದು. ಪ್ರೆಸ್ಟನ್ ಗಿಲ್ಡ್ ಹಾಲ್‌ನ ಕೋರಲ್ ಯುಕೆ ಚಾಂಪಿಯನ್‌ಷಿಪ್‌ನಲ್ಲಿ ಡೇವಿಸ್ 16–8ರಿಂದ ಅಲೆಕ್ಸ್ ಹಿಗ್ಗಿನ್ಸ್‌ನನ್ನು ಸೋಲಿಸಿದ. ಜನವರಿಯಲ್ಲಿ ವಾರಿಂಗ್ಟನ್‌ನ ಮರ್ಕೆಂಟೈಲ್ ಕ್ರೆಡಿಟ್ ಕ್ಲಾಸಿಕ್ ಗೆದ್ದವನು ವಿಲ್ಲಿ ಥಾರ್ನ್, ಕ್ಲಿಫ್ ಥಾರ್ಬರ್ನ್ ವಿರುದ್ಧ 13–8. ಡರ್ಬಿಯ ಡ್ಯೂಲಕ್ಸ್ ಬ್ರಿಟಿಷ್ ಓಪನ್ ದಕ್ಷಿಣ ಆಫ್ರಿಕಾದ ಸಿಲ್ವಿನೊ ಫ್ರಾನ್ಸಿಸ್ಕೊನ ಪಾಲಾಯಿತು, ಕರ್ಕ್ ಸ್ಟೀವನ್ಸ್ ವಿರುದ್ಧ 12–9. ಕೊನೆಯದು ಎಂಬಸಿ ವಿಶ್ವ ಚಾಂಪಿಯನ್‌ಷಿಪ್. ಥಾರ್ನ್‌ಗೂ ಫ್ರಾನ್ಸಿಸ್ಕೊಗೂ ಜೀವಮಾನದಲ್ಲಿ ದಕ್ಕಿದ ಏಕೈಕ ರ‍್ಯಾಂಕಿಂಗ್ ಪ್ರಶಸ್ತಿಗಳು ಇವೇ. ರ‍್ಯಾಂಕಿಂಗ್‌ಗೆ ಸೇರದ ಟೂರ್ನಿಗಳಲ್ಲಿ ದೊಡ್ಡದೆಂದರೆ ವೆಂಬ್ಲಿಯ ಮಾಸ್ಟರ್ಸ್. ಅಲ್ಲಿ ಥಾರ್ಬರ್ನ್ 9–6ರಿಂದ ಡಗ್ ಮೌಂಟ್‌ಜಾಯ್‌ನನ್ನು ಮಣಿಸಿದ.

ಈ ಪಟ್ಟಿಯಲ್ಲಿ ಸುಲಭವಾಗಿ ಕಣ್ಣು ತಪ್ಪಿಸಿಕೊಳ್ಳುವುದು ಯುಕೆ ಚಾಂಪಿಯನ್‌ಷಿಪ್. ಅದಕ್ಕೆ ರ‍್ಯಾಂಕಿಂಗ್ ಅಂಕ ಸಿಕ್ಕಿದ್ದು, ಹೊರದೇಶದ ವೃತ್ತಿಪರರಿಗೂ ಬಾಗಿಲು ತೆರೆದದ್ದು 1984ರಲ್ಲೇ. ಅಲ್ಲಿಯವರೆಗೆ ಅದು ಬ್ರಿಟನ್ನಿನವರ ಮನೆಯೊಳಗಿನ ಟೂರ್ನಿ. ಅಲ್ಲಿ ಡೇವಿಸ್ 16–8ರಿಂದ ಸಲೀಸಾಗಿ ಗೆದ್ದದ್ದನ್ನು ನೋಡಿದವರು ಒಂದು ವರ್ಷ ಹಿಂದೆ, 1983ರಲ್ಲಿ, ಅದೇ ಹಾಲ್‌ನಲ್ಲಿ ಅದೇ ಇಬ್ಬರ ನಡುವೆ ಏನಾಗಿತ್ತು ಎಂಬುದನ್ನು ಮರೆಯಬಾರದು. ಆ ಫೈನಲ್‌ನಲ್ಲಿ ಡೇವಿಸ್ 7–0 ಮುಂದಿದ್ದ. ಕೊನೆಗೆ ಹಿಗ್ಗಿನ್ಸ್ 16–15ರಿಂದ ಗೆದ್ದ. ಐದು ತಿಂಗಳು ಕಳೆದು 1984ರ ವಿಶ್ವ ಫೈನಲ್. ಜಿಮ್ಮಿ ವೈಟ್ ವಿರುದ್ಧ ಮೊದಲ ದಿನದಾಟ ಮುಗಿದಾಗ ಡೇವಿಸ್ 12–4 ಮುಂದಿದ್ದ. ಎರಡನೇ ದಿನ ವೈಟ್ ಬೆನ್ನಟ್ಟಿ 16–17ರವರೆಗೆ ಎಳೆದುಕೊಂಡು ಬಂದ. ಡೇವಿಸ್ ಗೆದ್ದದ್ದು 18–16ರಿಂದ. ಕ್ರೂಸಿಬಲ್‌ನಲ್ಲಿ ಪ್ರಶಸ್ತಿ ಉಳಿಸಿಕೊಂಡ ಮೊದಲ ಆಟಗಾರ ಎಂಬ ದಾಖಲೆಯ ಅಬ್ಬರದಲ್ಲಿ ಆ ಎರಡನೇ ದಿನದ ಲೆಕ್ಕವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಮುನ್ನಡೆ ಹೀಗೆ ಕರಗುವುದು ಏಕೆ? ಉತ್ತರ ಆ ಕಾಲದ ಪಂದ್ಯದ ಉದ್ದದಲ್ಲೇ ಇದೆ. ವಿಶ್ವ ಫೈನಲ್ 35 ಫ್ರೇಮ್‌ಗಳದ್ದು, ಎರಡು ದಿನ, ನಾಲ್ಕು ಸೆಷನ್. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ವೃತ್ತಿಪರ ಸರ್ಕ್ಯೂಟ್‌ಗೆ ಹೋದ 2012–13ರ ಹೊತ್ತಿಗೆ ಹೆಚ್ಚಿನ ಟೂರ್ನಿಗಳ ಆರಂಭದ ಸುತ್ತುಗಳು ಏಳೋ ಒಂಬತ್ತೋ ಫ್ರೇಮ್‌ಗಳಿಗೆ ಇಳಿದಿದ್ದವು. ಅಂಥ ಪಂದ್ಯದಲ್ಲಿ ಸತತ ನಾಲ್ಕೈದು ಫ್ರೇಮ್ ಹೊಡೆದವನು ಕೈಕುಲುಕಿ ಮನೆಗೆ ಹೋಗುತ್ತಾನೆ. 35 ಫ್ರೇಮ್‌ನ ಪಂದ್ಯದಲ್ಲಿ ಎಂಟು ಫ್ರೇಮ್ ಗೆದ್ದವನಿಗೆ ಇನ್ನೂ ಹತ್ತು ಬೇಕು. ಹಿಂದುಳಿದವನಿಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ, ಕೈ ಸಡಿಲವಾಗಿ ಕಷ್ಟದ ಪಾಟ್‌ಗಳಿಗೂ ಕೈಹಾಕುತ್ತಾನೆ. ಮುಂದಿರುವವನು ಎರಡು ದಾರಿಯ ನಡುವೆ ಸಿಕ್ಕಿಕೊಳ್ಳುತ್ತಾನೆ. ಇಲ್ಲಿಯವರೆಗೆ ಆಡಿದ ಹಾಗೇ ಆಡುವುದೋ, ಬೇಗ ಮುಗಿಸುವುದೋ? ಡೇವಿಸ್‌ನ ಬಲವೇ ಮೊದಲನೇ ದಾರಿ. ಗೆಲ್ಲುವ ಸಾಧ್ಯತೆ ಹೆಚ್ಚಿರುವ ಹೊಡೆತವನ್ನೇ ಆರಿಸುವ ಶೇಕಡಾ ಲೆಕ್ಕದ ಆಟ, ಕ್ಯೂನಿಂದ ಹೊಡೆಯುವ ಬಿಳಿ ಚೆಂಡನ್ನು ಬಾಕ್ ಕುಷನ್‌ಗೆ (ಆಟ ಶುರುವಾಗುವ ತುದಿಯ ರಬ್ಬರ್ ಅಂಚಿಗೆ) ಒತ್ತಿ ನಿಲ್ಲಿಸಿ ಎದುರಾಳಿಗೆ ಸುಲಭದ ಹೊಡೆತ ಸಿಗದಂತೆ ಮಾಡುವ ಸೇಫ್ಟಿ, ಎದುರಾಳಿ ಬೇಸತ್ತು ತಪ್ಪು ಮಾಡುವ ತನಕ ಕಾಯುವ ತಾಳ್ಮೆ. ಅದನ್ನು ಒಂದೇ ಒಂದು ಹೊಡೆತಕ್ಕೆ ಕೈಬಿಟ್ಟರೂ ಲೆಕ್ಕ ತಪ್ಪುತ್ತದೆ.

ಇನ್ನು ಟೇಲರ್. ಉತ್ತರ ಐರ್ಲೆಂಡ್‌ನ ಟೈರೋನ್ ಕೌಂಟಿಯ ಕೋಲ್‌ಐಲೆಂಡ್‌ನವನು. 1979ರ ವಿಶ್ವ ಫೈನಲ್‌ನಲ್ಲಿ ಟೆರ್ರಿ ಗ್ರಿಫಿತ್ಸ್‌ಗೆ 16–24ರಿಂದ ಸೋತಿದ್ದ. 1984ರ ಜೇಮ್ಸನ್ ಟೂರ್ನಿ ನಡೆಯುತ್ತಿರುವಾಗಲೇ ತಾಯಿ ತೀರಿಕೊಂಡ ಸುದ್ದಿ ಬಂತು. ಟೂರ್ನಿಯನ್ನು ಅರ್ಧಕ್ಕೆ ಬಿಟ್ಟು ಮನೆಗೆ ಹೋದ. ಮನೆಯವರ ಒತ್ತಾಯಕ್ಕೆ ಮತ್ತೆ ಕ್ಯೂ ಹಿಡಿದು ರೆಡಿಂಗ್‌ಗೆ ಬಂದವನು ಫೈನಲ್‌ನಲ್ಲಿ ಥಾರ್ಬರ್ನ್‌ನನ್ನು 10–2ರಿಂದ ಸೋಲಿಸಿದ. ಎದುರಿಗಿದ್ದದ್ದು 1980ರ ವಿಶ್ವ ಚಾಂಪಿಯನ್, ಒಂದೊಂದು ಫ್ರೇಮನ್ನೂ ಗಂಟೆಗಟ್ಟಲೆ ಎಳೆದು ಎದುರಾಳಿಯನ್ನು ಸುಸ್ತು ಮಾಡುವವನು. ಅವನಿಗೆ ಎರಡೇ ಫ್ರೇಮ್ ಬಿಟ್ಟುಕೊಟ್ಟದ್ದು ಸಣ್ಣ ಮಾತಲ್ಲ. ಮಾರ್ಚ್‌ನಲ್ಲಿ ಹಿಗ್ಗಿನ್ಸ್, ಯೂಜೀನ್ ಹ್ಯೂಸ್ ಜೊತೆ ಸೇರಿ ಐರ್ಲೆಂಡ್ ತಂಡಕ್ಕೆ ವಿಶ್ವಕಪ್ ಗೆದ್ದುಕೊಟ್ಟ. ಏಪ್ರಿಲ್‌ನಲ್ಲಿ ಕ್ರೂಸಿಬಲ್‌ಗೆ ಬಂದವನು ಅದೇ ಲಯದಲ್ಲಿದ್ದ. ಫ್ರಾನ್ಸಿಸ್ಕೊ 10–2, ಎಡ್ಡಿ ಚಾರ್ಲ್‌ಟನ್ 13–6, ಥಾರ್ಬರ್ನ್ 13–5, ನೋಲ್ಸ್ 16–5. ಫೈನಲ್‌ವರೆಗೆ ಬಿಟ್ಟುಕೊಟ್ಟದ್ದು ಬರೀ ಹದಿನೆಂಟು ಫ್ರೇಮ್. ಅತ್ತ ಡೇವಿಸ್ ಮೊದಲ ಸುತ್ತಲ್ಲೇ ನೀಲ್ ಫೌಲ್ಡ್ಸ್ ಎದುರು 10–8ರಲ್ಲಿ ಪಾರಾಗಿ, ಆಮೇಲೆ ಡೇವಿಡ್ ಟೇಲರ್, ಗ್ರಿಫಿತ್ಸ್, ರೇ ರಿಯರ್ಡನ್‌ರನ್ನು ದಾಟಿ ಬಂದಿದ್ದ. ಸ್ಕೋರ್ ಹಾಳೆ ಇಟ್ಟುಕೊಂಡು ನೋಡಿದರೆ ಟೇಲರ್‌ನನ್ನು ಬಡಪಾಯಿ ಎನ್ನಲು ಆಧಾರವೇ ಇರಲಿಲ್ಲ.

ಟೇಲರ್‌ನ ವಿಚಿತ್ರ ಆಕಾರದ ದೊಡ್ಡ ಕನ್ನಡಕದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅದನ್ನು ಬರೀ ವೇಷ ಎಂದುಕೊಂಡವರೇ ಹೆಚ್ಚು. ಹೊಡೆತಕ್ಕೆ ಬಗ್ಗಿದಾಗ ಗಲ್ಲ ಕ್ಯೂಗೆ ತಾಗುತ್ತದೆ, ಮುಖ ಹೆಚ್ಚುಕಡಿಮೆ ಮೇಜಿಗೆ ಅಭಿಮುಖ. ಆಗ ಹತ್ತು ಅಡಿ ದೂರದ ಚೆಂಡನ್ನು ನೋಡಲು ಕಣ್ಣುಗುಡ್ಡೆಯನ್ನು ಹುಬ್ಬಿನ ಕಡೆಗೆ ಎತ್ತಬೇಕು. ಮಾಮೂಲಿ ಕನ್ನಡಕದಲ್ಲಿ ಆ ನೋಟ ಲೆನ್ಸಿನ ಮೇಲಂಚಿನ ಮೂಲಕ ಹಾಯುತ್ತದೆ, ಇಲ್ಲವೇ ಫ್ರೇಮಿನ ಮೇಲಿನ ಕಡ್ಡಿಯೇ ಚೆಂಡಿಗೆ ಅಡ್ಡ ಬರುತ್ತದೆ. ಅಂಚಿನಲ್ಲಿ ಓರೆಯಾಗಿ ಹಾದ ಬೆಳಕು ಬಾಗುವುದರಿಂದ ಚೆಂಡು ಇರುವ ಜಾಗಕ್ಕಿಂತ ಸ್ವಲ್ಪ ಪಕ್ಕದಲ್ಲಿ ಕಾಣುತ್ತದೆ. ಟೇಲರ್‌ಗೆ ಕನ್ನಡಕ ಮಾಡಿಕೊಟ್ಟ ಜಾಕ್ ಕಾರ್ನೆಮ್ ಬಿಲಿಯರ್ಡ್ಸ್ ಆಡಿ ಬಂದವನು, ಕಾಮೆಂಟರಿ ಹೇಳುತ್ತಿದ್ದವನು, ಈ ತೊಂದರೆಯನ್ನು ಮೇಜಿನ ಮೇಲೆ ಬಗ್ಗಿ ಬಲ್ಲವನು. ಅವನು ಮಾಡಿದ್ದು ಇಷ್ಟು: ದೊಡ್ಡ ಲೆನ್ಸ್, ಅದನ್ನು ಹುಬ್ಬಿನ ಮೇಲಕ್ಕೂ ಬರುವಂತೆ ಎತ್ತರಕ್ಕೆ ಕೂರಿಸಿದ ಫ್ರೇಮ್, ಕಿವಿಗೆ ಹೋಗುವ ಕಡ್ಡಿಗಳು ಲೆನ್ಸಿನ ಕೆಳಭಾಗದಲ್ಲಿ, ಬಗ್ಗಿದಾಗ ನೋಟ ಲೆನ್ಸಿಗೆ ನೇರವಾಗಿ ಹಾಯುವಂತೆ ಇಳಿಜಾರು. ಎದ್ದು ನಿಂತಾಗ ತಲೆಕೆಳಗಾಗಿ ಹಾಕಿದಂತೆ ಕಾಣುತ್ತದೆ, ಬಗ್ಗಿದಾಗ ಸರಿಹೊಂದುತ್ತದೆ. ಅದಕ್ಕೂ ಹಿಂದೆ ಹಳೆಯ ತಲೆಮಾರಿನ ಆಟಗಾರ ಫ್ರೆಡ್ ಡೇವಿಸ್ ತಿರುಗಿಸಬಹುದಾದ ಲೆನ್ಸಿನ ಕನ್ನಡಕ ಹಾಕುತ್ತಿದ್ದದ್ದು ಇದೇ ಕಾರಣಕ್ಕೆ.

ಕನ್ನಡಕ ಹಾಕಿ ಆಡುವವರಿಗೆ ಇದರಲ್ಲಿ ನೇರ ಪಾಠವಿದೆ. ಪ್ರೋಗ್ರೆಸಿವ್ ಅಥವಾ ಬೈಫೋಕಲ್ ಲೆನ್ಸ್ ಬೇಡ. ಒಂದೇ ಪವರಿನ, ದೂರದ್ದನ್ನು ನೋಡುವ ಲೆನ್ಸ್ ಸಾಕು. ಕ್ಯೂ ಹಿಡಿದು ಬಗ್ಗಿ ನಿಲ್ಲಿ, ನೋಟ ಲೆನ್ಸಿನ ಎಲ್ಲಿ ಹಾಯುತ್ತದೋ ಅಲ್ಲಿ ಇನ್ನೊಬ್ಬರಿಂದ ಪೆನ್ನಿನಲ್ಲಿ ಚುಕ್ಕೆ ಇಡಿಸಿ, ಆಪ್ಟಿಕಲ್ ಅಂಗಡಿಯಲ್ಲಿ ಆ ಚುಕ್ಕೆಗೆ ಲೆನ್ಸಿನ ಕೇಂದ್ರ ಬರುವಂತೆ ಮಾಡಿಕೊಡಲು ಕೇಳಿ. ಉದ್ದದ ಪಾಟ್‌ಗಳು ಒಂದೇ ಬದಿಗೆ ತಪ್ಪುತ್ತಿದ್ದರೆ ಕೈಯನ್ನು ದೂರುವ ಮೊದಲು ಕನ್ನಡಕವನ್ನು ಅನುಮಾನಿಸಬೇಕು.

ಫೈನಲ್ ಶುರುವಾದದ್ದು ಏಪ್ರಿಲ್ 27ರ ಶನಿವಾರ. ಮೊದಲ ಸೆಷನ್‌ನ ಏಳೂ ಫ್ರೇಮ್ ಡೇವಿಸ್‌ಗೆ. ಸಂಜೆ ಎಂಟನೆಯದೂ ಅವನದೇ. 8–0. ಒಂಬತ್ತನೇ ಫ್ರೇಮ್‌ನಲ್ಲಿ ಹಸಿರು ಚೆಂಡು ಪಾಟ್ ಮಾಡಲು ಹೋದ. ತೆಳ್ಳನೆಯ ಕಟ್, ಅಂದರೆ ಚೆಂಡಿನ ಅಂಚಿಗಷ್ಟೇ ಬಿಳಿಯನ್ನು ತಾಗಿಸಿ ಓರೆಗೆ ಕಳಿಸುವುದು, ಅಪಾಯದ ಹೊಡೆತ. ಸೇಫ್ಟಿ ಆಡುವ ಅವಕಾಶ ಇತ್ತು, ಅದುವರೆಗಿನ ಡೇವಿಸ್ ಆಗಿದ್ದರೆ ಅದನ್ನೇ ಆಡುತ್ತಿದ್ದ. ಹಸಿರು ತಪ್ಪಿತು, ಟೇಲರ್ ಫ್ರೇಮ್ ಎತ್ತಿದ. ಆ ಒಂದು ಫ್ರೇಮ್‌ನಿಂದ 9–0 ಆಗಬೇಕಿದ್ದದ್ದು 8–1 ಆಯಿತು, ಅಷ್ಟೇ ಎನ್ನಬಹುದು. ಆದರೆ ಸೊನ್ನೆಯಲ್ಲಿ ಕೂತವನಿಗೆ ಮೊದಲ ಫ್ರೇಮ್ ಸಿಕ್ಕಿದರೆ ಕೈ ಬಿಸಿಯಾಗುತ್ತದೆ. ಆ ರಾತ್ರಿ ಆಟ ಮುಗಿದಾಗ ಸ್ಕೋರ್ 9–7. ಅಂದರೆ 8–0 ಆದ ಮೇಲಿನ ಎಂಟು ಫ್ರೇಮ್‌ಗಳಲ್ಲಿ ಏಳು ಟೇಲರ್‌ನವು. ನನ್ನ ಮಟ್ಟಿಗೆ ಆ ಫೈನಲ್‌ನ ನಿಜವಾದ ತಿರುವು ಅದೇ ಹಸಿರು ಚೆಂಡು. ಕಪ್ಪು ಚೆಂಡಿನ ಸರದಿ ಬರುವ ಮೊದಲು ಡೇವಿಸ್‌ಗೆ ಪಂದ್ಯ ಮುಗಿಸಲು ಒಂದು ಇಡೀ ದಿನ ಇತ್ತು.

ಭಾನುವಾರ ಮಧ್ಯಾಹ್ನದ ಸೆಷನ್ ಮುಗಿದಾಗ ಡೇವಿಸ್ 13–11. ರಾತ್ರಿ 17–15. ಇನ್ನೊಂದು ಫ್ರೇಮ್ ಸಿಕ್ಕಿದ್ದರೆ ಸತತ ಮೂರನೇ ವಿಶ್ವ ಪ್ರಶಸ್ತಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಟೇಲರ್ ಎರಡು ಫ್ರೇಮ್ ಗೆದ್ದು 17–17 ಮಾಡಿದ. ಎರಡು ದಿನದಲ್ಲಿ ಅವನು ಒಮ್ಮೆಯೂ ಮುಂದಿರಲಿಲ್ಲ ಎಂಬುದನ್ನು ಗಮನಿಸಿ.

ಮೂವತ್ತೈದನೇ ಫ್ರೇಮ್ 68 ನಿಮಿಷ ನಡೆಯಿತು. ರೆಫರಿ ಜಾನ್ ವಿಲಿಯಮ್ಸ್. ದೊಡ್ಡ ಬ್ರೇಕ್ (ಒಂದೇ ಸರದಿಯಲ್ಲಿ ಸತತವಾಗಿ ಗಳಿಸುವ ಅಂಕ) ಇಲ್ಲ, ಇಬ್ಬರ ಕೈಯೂ ಬಿಗಿದಿತ್ತು. ಕೆಂಪು ಚೆಂಡುಗಳು ಹೋಗಿ, ಹಳದಿ ಹಸಿರು ಹೋಗಿ, ಮೇಜಿನ ಮೇಲೆ ಕಂದು, ನೀಲಿ, ಗುಲಾಬಿ, ಕಪ್ಪು ನಾಲ್ಕೇ ಉಳಿದಾಗ ಡೇವಿಸ್ 62, ಟೇಲರ್ 44. ಇಲ್ಲಿ ಲೆಕ್ಕ ಹಾಕಿ. ಉಳಿದದ್ದು 4+5+6+7, ಒಟ್ಟು 22 ಅಂಕ. ಅಂತರ 18. ಟೇಲರ್‌ಗೆ ನಾಲ್ಕೂ ಚೆಂಡು ಬೇಕು, ಒಂದು ಬಿಟ್ಟರೂ ಆಗದು. ಡೇವಿಸ್‌ಗೆ ನಾಲ್ಕರಲ್ಲಿ ಯಾವುದಾದರೂ ಒಂದು ಸಾಕು. ಕಂದು ಅವನಿಗೆ ಬಿದ್ದಿದ್ದರೆ 66–44, ಮೇಜಿನಲ್ಲಿ 18, ಟೇಲರ್‌ಗೆ ಫೌಲ್ ಅಂಕಗಳಿಲ್ಲದೆ ದಾರಿಯಿಲ್ಲ. ಕಂದು ಟೇಲರ್‌ಗೆ ಹೋಗಿ ನೀಲಿ ಡೇವಿಸ್‌ಗೆ ಬಿದ್ದರೂ ಅದೇ ಕಥೆ: 67–48, ಉಳಿದದ್ದು 13. ಗುಲಾಬಿ ಬಿದ್ದಿದ್ದರೂ 68–53, ಉಳಿದದ್ದು 7.

ಇಂಥ ಸ್ಥಿತಿಯಲ್ಲಿ ಟೇಲರ್ ಉದ್ದದ ಕಂದು ಪಾಟ್ ಮಾಡಿದ. ಆ ರಾತ್ರಿಯ ಅತ್ಯುತ್ತಮ ಹೊಡೆತ ಯಾವುದೆಂದರೆ ನಾನು ಕಪ್ಪನ್ನಲ್ಲ, ಇದನ್ನೇ ಹೇಳುತ್ತೇನೆ. ಆಮೇಲೆ ನೀಲಿ, ಗುಲಾಬಿ. 62–59. ಉಳಿದದ್ದು ಕಪ್ಪು ಮಾತ್ರ.

ಕಪ್ಪೊಂದೇ ಉಳಿದಾಗ ಆಟದ ನಿಯಮವೂ ಬದಲಾದಂತೆ. ಮೊದಲ ಪಾಟ್ ಅಥವಾ ಮೊದಲ ಫೌಲ್‌ಗೆ ಫ್ರೇಮ್ ಮುಗಿಯುತ್ತದೆ, ಫೌಲ್‌ಗೆ ಏಳು ಅಂಕ. ಹಾಗಾಗಿ ಬಿಳಿ ಚೆಂಡು ಪಾಕೆಟ್‌ಗೆ ಬಿದ್ದರೂ ಚಾಂಪಿಯನ್‌ಷಿಪ್ ಹೋಯಿತು. ಟೇಲರ್ ಮೊದಲು ಆಡಿದ್ದು ಡಬಲ್, ಕುಷನ್‌ಗೆ ಬಡಿದು ಮಧ್ಯದ ಪಾಕೆಟ್‌ಗೆ. ತಪ್ಪಿತು, ಆದರೆ ಕಪ್ಪು ಸುರಕ್ಷಿತ ಜಾಗದಲ್ಲಿ ನಿಂತಿತು. ಡಬಲ್ ಆಡುವುದೇ ಹುಚ್ಚು ಎನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಬಿದ್ದರೆ ಗೆಲುವು, ತಪ್ಪಿದರೆ ಕಪ್ಪೂ ಬಿಳಿಯೂ ದೂರದೂರ ನಿಲ್ಲುವ ವೇಗ ಆರಿಸಿಕೊಂಡರೆ ಅದು ಸೇಫ್ಟಿಗಿಂತ ಕಡಿಮೆಯಲ್ಲ. ಡಬಲ್ ತಪ್ಪುವುದು ಹೆಚ್ಚಾಗಿ ವೇಗದಿಂದ. ಕುಷನ್ ರಬ್ಬರ್. ಜೋರಾಗಿ ಹೊಡೆದಷ್ಟೂ ಅದು ಒಳಕ್ಕೆ ಕುಗ್ಗಿ ಚೆಂಡನ್ನು ಇನ್ನಷ್ಟು ನೇರಕ್ಕೆ ಎಸೆಯುತ್ತದೆ, ಬಂದ ಕೋನಕ್ಕಿಂತ ಹೋಗುವ ಕೋನ ಕಿರಿದಾಗುತ್ತದೆ. ಅಭ್ಯಾಸದಲ್ಲಿ ಒಂದೇ ವೇಗಕ್ಕೆ ಕೈ ಹೊಂದಿಸಿಕೊಂಡವನಿಗೆ ಉದ್ವೇಗದಲ್ಲಿ ಸ್ವಲ್ಪ ಬಿಗಿಯಾಗಿ ಹೊಡೆದರೂ ಸಾಕು, ಚೆಂಡು ಪಾಕೆಟ್‌ನ ದವಡೆಗೆ, ಅಂದರೆ ಬಾಯಿಯ ಅಂಚಿಗೆ, ಬಡಿಯುತ್ತದೆ.

ಕೆಲವು ಹೊಡೆತಗಳು ಅತ್ತಿತ್ತ ಆದವು. ಟೇಲರ್ ಒಂದು ಪಾಟ್ ತಪ್ಪಿಸಿ ಡೇವಿಸ್‌ಗೆ ತೆಳ್ಳನೆಯ ಕಟ್ ಬಿಟ್ಟುಕೊಟ್ಟ. ಡೇವಿಸ್ ಅದನ್ನು ಓವರ್‌ಕಟ್ ಮಾಡಿದ, ಅಂದರೆ ಬೇಕಾದ್ದಕ್ಕಿಂತ ತೆಳ್ಳಗೆ ತಾಗಿಸಿದ. ಕಪ್ಪು ಪಾಕೆಟ್ ಬಳಿ ಉಳಿಯಿತು. ಟೇಲರ್ ಬಗ್ಗಿ ಅದನ್ನು ಒಳಗೆ ಹಾಕಿದ. ಫ್ರೇಮ್ 66–62, ಪಂದ್ಯ 18–17. ಬಹುಮಾನ 60,000 ಪೌಂಡ್.

ಡೇವಿಸ್‌ನಂಥವನು ಅದನ್ನು ತಪ್ಪಿಸಿದ್ದು ಹೇಗೆ ಎಂಬ ಪ್ರಶ್ನೆಗೆ ಒತ್ತಡ ಎಂಬ ಒಂದೇ ಪದ ಸಾಲದು. ತೆಳ್ಳನೆಯ ಕಟ್‌ನ ಜ್ಯಾಮಿತಿಯೇ ಕ್ರೂರ. ಸ್ನೂಕರ್ ಚೆಂಡಿನ ವ್ಯಾಸ 52.5 ಮಿ.ಮೀ. ಬಿಳಿ ಚೆಂಡಿನ ದಾರಿ ಒಂದು ಮಿ.ಮೀ. ಪಕ್ಕಕ್ಕೆ ಸರಿದರೆ, ನೇರ ಪಾಟ್‌ನಲ್ಲಿ ಗುರಿ ಚೆಂಡು ಸುಮಾರು 1.1 ಡಿಗ್ರಿ ತಪ್ಪುತ್ತದೆ. ಅರ್ಧ ಚೆಂಡಿನ ಹೊಡೆತದಲ್ಲಿ, ಅಂದರೆ 30 ಡಿಗ್ರಿ ಕಟ್‌ನಲ್ಲಿ, ಸುಮಾರು 1.3 ಡಿಗ್ರಿ. 60 ಡಿಗ್ರಿಗೆ ಬಂದರೆ 2.2. 75 ಡಿಗ್ರಿಯಲ್ಲಿ 4 ಡಿಗ್ರಿ ದಾಟುತ್ತದೆ. ಪಾಕೆಟ್ ಎರಡು ಅಡಿ ದೂರವಿದ್ದರೆ ಒಂದು ಡಿಗ್ರಿ ತಪ್ಪು ಅಲ್ಲಿಗೆ ಹೋಗುವಷ್ಟರಲ್ಲಿ ಒಂದು ಸೆಂ.ಮೀ.ಗಿಂತ ಹೆಚ್ಚಾಗುತ್ತದೆ. ಮೂಲೆಯ ಪಾಕೆಟ್‌ನ ಬಾಯಿ ಸುಮಾರು ಮೂರೂವರೆ ಇಂಚು. ಚೆಂಡಿಗೆ ಎರಡೂ ಬದಿ ಸಿಗುವ ಜಾಗ ಎರಡು ಸೆಂ.ಮೀ.ಗೂ ಕಡಿಮೆ. ನೇರ ಪಾಟ್‌ನಲ್ಲಿ ಒಂದು ಮಿ.ಮೀ. ತಪ್ಪಿದರೂ ಬೀಳುವ ಚೆಂಡು 75 ಡಿಗ್ರಿಯಲ್ಲಿ ಅರ್ಧ ಮಿ.ಮೀ. ತಪ್ಪಿದರೆ ಅಂಚು ಮುಟ್ಟುತ್ತದೆ.

ಇದರ ಜೊತೆ ಇನ್ನೊಂದು ತೊಡಕು. ಎರಡು ಚೆಂಡು ಉಜ್ಜುವುದರಿಂದ ಗುರಿ ಚೆಂಡು ಲೆಕ್ಕಕ್ಕಿಂತ ಸ್ವಲ್ಪ ದಪ್ಪಗೆ, ಅಂದರೆ ಬಿಳಿ ಹೋಗುತ್ತಿದ್ದ ದಿಕ್ಕಿನ ಕಡೆಗೆ ವಾಲಿ, ಹೋಗುತ್ತದೆ. ಅನುಭವಿಗಳು ಅದನ್ನು ಕೈಲೆಕ್ಕದಲ್ಲೇ ಹಿಡಿದು ಒಂದು ಕೂದಲೆಳೆ ತೆಳ್ಳಗೆ ಗುರಿ ಇಡುತ್ತಾರೆ. ಈ ಉಜ್ಜುವಿಕೆಯ ಪರಿಣಾಮ ನಿಧಾನದ ಅರ್ಧ ಚೆಂಡಿನ ಹೊಡೆತದಲ್ಲಿ ಹೆಚ್ಚು, ವೇಗದ ತೆಳ್ಳನೆಯ ಕಟ್‌ನಲ್ಲಿ ಕಡಿಮೆ. ಎಲ್ಲ ಹೊಡೆತಕ್ಕೂ ಒಂದೇ ಪ್ರಮಾಣದಲ್ಲಿ ತೆಳ್ಳಗೆ ಹೊಡೆದರೆ ತೆಳ್ಳನೆಯ ಕಟ್ ಓವರ್‌ಕಟ್ ಆಗುತ್ತದೆ.

ನಿಮ್ಮ ಕ್ಲಬ್ಬಿನ ಮೇಜಿನ ಮೇಲೆ ಇದನ್ನು ಪರೀಕ್ಷಿಸಬಹುದು. ಕಪ್ಪನ್ನು ಮೂಲೆಯ ಪಾಕೆಟ್‌ನಿಂದ ಎರಡು ಅಡಿ ದೂರ, ಕುಷನ್‌ನಿಂದ ಒಂದು ಅಂಗೈ ಒಳಗೆ ಇಡಿ. ಪಾಕೆಟ್‌ನಿಂದ ಕಪ್ಪಿನ ನಡುವಿನ ಮೂಲಕ ಗೆರೆ ಎಳೆದಂತೆ ಊಹಿಸಿ, ಕಪ್ಪಿನ ಹಿಂದೆ ಅದೇ ಗೆರೆಯಲ್ಲಿ ಇನ್ನೊಂದು ಚೆಂಡನ್ನು ತಾಗಿಸಿಡಿ. ಬಿಳಿ ಚೆಂಡು ಬಂದು ನಿಲ್ಲಬೇಕಾದ ಜಾಗ ಅದೇ. ಆ ಚೆಂಡಿನ ನಡುವನ್ನು ನೋಡಿಕೊಂಡು ತೆಗೆಯಿರಿ. ಬಿಳಿಯನ್ನು ಮೊದಲು ಅರ್ಧ ಚೆಂಡಿನ ಕೋನದಲ್ಲಿಟ್ಟು ಹತ್ತು ಸಲ ಹೊಡೆಯಿರಿ, ಆಮೇಲೆ ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಸರಿಸಿ ಕೋನ ಹೆಚ್ಚಿಸಿ. ಪ್ರತಿ ಸಲವೂ ಚೆಂಡು ಪಾಕೆಟ್‌ನ ಯಾವ ದವಡೆಗೆ ಬಡಿಯಿತು ಎಂದು ಬರೆದಿಡಿ, ಬಿತ್ತೋ ಇಲ್ಲವೋ ಎಂಬುದಕ್ಕಿಂತ ಅದು ಮುಖ್ಯ. ಒಂದೇ ದವಡೆಗೆ ಬಡಿಯುತ್ತಿದ್ದರೆ ಗುರಿಯ ದೋಷ, ಎರಡಕ್ಕೂ ಬಡಿಯುತ್ತಿದ್ದರೆ ಕ್ಯೂ ನೇರ ಹೋಗುತ್ತಿಲ್ಲ. ಬಿಳಿಗೆ ಸೈಡ್ ಕೊಡಬೇಡಿ, ಅಂದರೆ ನಡುವಿನಿಂದ ಪಕ್ಕಕ್ಕೆ ಹೊಡೆದು ಗಿರಕಿ ಹೊಡೆಸಬೇಡಿ. ಸೈಡ್ ಬಿದ್ದ ಬಿಳಿ ಚೆಂಡು ಬಟ್ಟೆಯ ಮೇಲೆ ಬಾಗುತ್ತದೆ, ಬಟ್ಟೆಯ ಜುಂಗಿನ (ಒಂದೇ ದಿಕ್ಕಿಗೆ ಮಲಗಿದ ನವಿರಾದ ಎಳೆಗಳ) ಜೊತೆ ಉರುಳುವಾಗ ಒಂದು ಕಡೆಗೆ, ಜುಂಗಿಗೆ ಎದುರು ಉರುಳುವಾಗ ಇನ್ನೊಂದು ಕಡೆಗೆ. 1985ರ ಮೇಜಿನ ಬಟ್ಟೆ ಈಗಿನದಕ್ಕಿಂತ ದಪ್ಪ, ನಿಧಾನ. ಆ ಬಾಗು ಇನ್ನೂ ಎದ್ದು ಕಾಣುತ್ತಿತ್ತು.

ಮರುವರ್ಷ ಟೇಲರ್ ಮೊದಲ ಸುತ್ತಲ್ಲೇ ಮೈಕ್ ಹ್ಯಾಲೆಟ್‌ಗೆ 6–10ರಿಂದ ಸೋತ. ಡೇವಿಸ್ ಮತ್ತೆ ಫೈನಲ್‌ಗೆ ಬಂದು ಜೋ ಜಾನ್ಸನ್ ಎದುರು 12–18ರಿಂದ ಸೋತ. ಆಮೇಲೆ 1987, 1988, 1989 ಮೂರೂ ವರ್ಷ ಅವನದೇ. 1989ರ ಫೈನಲ್‌ನಲ್ಲಿ ಜಾನ್ ಪ್ಯಾರಟ್ ವಿರುದ್ಧ ಮೊದಲ ದಿನ ಮುಗಿದಾಗ 13–3 ಮುಂದಿದ್ದ. ಎರಡನೇ ದಿನ ಒಂದೂ ಫ್ರೇಮ್ ಬಿಡದೆ 18–3ಕ್ಕೆ ಮುಗಿಸಿದ, ಕೊನೆಯ ಸೆಷನ್ ಆಡುವ ಅಗತ್ಯವೇ ಬೀಳಲಿಲ್ಲ.